ಬುದ್ಧಿ ಹುಟ್ಟಿನಿಂದ ಬಂತೋ, ಬೆಳೆಸಿದ್ದರಿಂದ ಬಂತೋ? ಇಂಥ ಮಾತನ್ನು ತೂಗಿ ನೋಡುವುದು ಹೇಗೆ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅನ್ನುವುದು ಒಂದು ಗಾದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಅನ್ನುವುದು ಇನ್ನೊಂದು. ಮೊದಲನೆಯದು ಎಲ್ಲವೂ ಹುಟ್ಟಿನಲ್ಲೇ ಇದೆ ಅನ್ನುತ್ತದೆ. ಎರಡನೆಯದು ಬೇಗ ಕೈಹಾಕಿದರೆ ತಿದ್ದಬಹುದು ಅನ್ನುತ್ತದೆ. ಎರಡನ್ನೂ ಹೇಳುವ ಬಾಯಿ ಒಂದೇ. ಮಗು ಜಾಣತನ ತೋರಿದ ದಿನ ಮೊಳಕೆ ನೆನಪಾಗುತ್ತದೆ, ಹಟ ಹಿಡಿದ ದಿನ ಗಿಡ.

ಗಾದೆಗಳ ಜಾಗಕ್ಕೆ ಈಗ ಅಂಕಿಗಳು ಬಂದಿವೆ. ‘ಬುದ್ಧಿಯ ಶೇ 50 ಭಾಗ ವಂಶವಾಹಿಗಳಿಂದ’, ಅಂದರೆ ಜೀನ್‌ಗಳಿಂದ, ಅಂತ ಸುದ್ದಿ ಬರುತ್ತದೆ. ಓದಿದ ಒಬ್ಬರು ‘ಹಾಗಾದರೆ ನಾವು ಮಾಡುವುದು ಏನೂ ಇಲ್ಲ’ ಅಂತ ಕೈಚೆಲ್ಲುತ್ತಾರೆ. ಇನ್ನೊಬ್ಬರು ‘ಇದೆಲ್ಲ ಸುಳ್ಳು’ ಅಂತ ಸಿಟ್ಟಾಗುತ್ತಾರೆ. ಇಬ್ಬರೂ ಆ ಅಂಕಿಯನ್ನು ತಪ್ಪಾಗಿ ಓದಿದ್ದಾರೆ.

ನನಗೆ ಇದು ಬರೀ ಓದಿನ ವಿಷಯವಲ್ಲ. ಚಿಕ್ಕವನಾಗಿದ್ದಾಗ ನನ್ನ ಪಕ್ಕ ಕೂರುತ್ತಿದ್ದ ಹುಡುಗನಿಗೆ ಮೇಷ್ಟ್ರೊಬ್ಬರು ‘ನಿಮ್ಮಣ್ಣನಿಗೂ ಲೆಕ್ಕ ತಲೆಗೆ ಹತ್ತಲಿಲ್ಲ, ನಿನಗೂ ಹತ್ತಲ್ಲ ಬಿಡು’ ಅಂದಿದ್ದರು. ಅವರು ಅದನ್ನು ಬೈಗುಳವಾಗಿ ಹೇಳಲಿಲ್ಲ, ಸಮಾಧಾನವಾಗಿ ಹೇಳಿದರು. ಅವತ್ತಿನಿಂದ ಅವನು ಲೆಕ್ಕದ ಪುಸ್ತಕ ತೆರೆಯುವುದನ್ನೇ ಬಿಟ್ಟ. ಇಂಥ ಮಾತು ಎದುರಾದಾಗ ಒಂದೊಂದಾಗಿ ಏನೇನು ಕೇಳಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಅಳೆದದ್ದು ಏನನ್ನು?

ಮೊದಲು ಇದನ್ನು ಕೇಳಿ. ಹೆಚ್ಚಿನ ಅಧ್ಯಯನಗಳು ಅಳೆಯುವುದು ಐಕ್ಯೂ ಅಂಕವನ್ನು, ಅಂದರೆ ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಬರುವ ಅಂಕವನ್ನು. ಈ ಅಂಕ ಲೀಟರಿನ ಹಾಗೆ, ಕಿಲೋದ ಹಾಗೆ ಅಲ್ಲ. ಅದೇ ವಯಸ್ಸಿನವರ ಸಾಲಿನಲ್ಲಿ ನೀವು ಎಲ್ಲಿ ನಿಂತಿದ್ದೀರಿ ಅಂತ ಅದು ತೋರಿಸುತ್ತದೆ, ಅಷ್ಟೇ. ಸರಾಸರಿಯನ್ನು 100 ಅಂತ ಇಟ್ಟುಕೊಂಡಿರುತ್ತಾರೆ. ಸುಮಾರು ಮೂರನೇ ಎರಡು ಭಾಗ ಜನ 85ರಿಂದ 115ರೊಳಗೆ ಬರುತ್ತಾರೆ.

ಈ ಅಂಕಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಶಾಲೆಯ ಓದು ಹೇಗೆ ಸಾಗುತ್ತದೆ ಅಂತ ಅದು ತಕ್ಕಮಟ್ಟಿಗೆ ಚೆನ್ನಾಗಿಯೇ ಸೂಚಿಸುತ್ತದೆ. ಆದರೆ ಅದು ಹುಟ್ಟಿದ ಕಥೆ ಗೊತ್ತಿರಬೇಕು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ ಇಂಥ ಮೊದಲ ಪರೀಕ್ಷೆ ಸಿದ್ಧಮಾಡಿದರು. ತರಗತಿಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸಲು ಅದು ಬೇಕಿತ್ತು. ಬುದ್ಧಿ ಅನ್ನುವುದು ಹೆಚ್ಚಿಸಲಾಗದ ಗಟ್ಟಿ ಮೊತ್ತ ಅನ್ನುವ ಮಾತನ್ನು ಬಿನೆ ನೇರವಾಗಿ ವಿರೋಧಿಸಿದ್ದರು.

ಇನ್ನೊಂದು ಎಚ್ಚರ. ‘ಬುದ್ಧಿಯ ಜೀನ್’ ಅಂತ ಬರುವ ಎಷ್ಟೋ ಸುದ್ದಿಗಳಲ್ಲಿ ಅಳೆದದ್ದು ಬುದ್ಧಿಯನ್ನೇ ಅಲ್ಲ, ಜನ ಎಷ್ಟು ವರ್ಷ ಓದಿದರು ಅನ್ನುವುದನ್ನು. ಅದು ಬೇರೆ, ಇದು ಬೇರೆ. ಓದು ಅರ್ಧಕ್ಕೆ ನಿಲ್ಲಲು ನೂರು ಕಾರಣ ಇರುತ್ತವೆ, ಅಲ್ವಾ?

ಹೆಜ್ಜೆ 2: ಶೇಕಡಾ ಅಂಕಿಯನ್ನು ಸರಿಯಾಗಿ ಓದಿ

ಜಾಸ್ತಿ ಜನ ಎಡವುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

‘ಶೇ 50 ಜೀನ್‌ಗಳಿಂದ’ ಅಂದರೆ ನಿಮ್ಮ ಮಗುವಿನ 100 ಅಂಕದಲ್ಲಿ 50 ಹುಟ್ಟಿನಿಂದ ಬಂತು, 50 ಮನೆಯಿಂದ ಬಂತು ಅಂತ ಅಲ್ಲ. ಚಪ್ಪಾಳೆಯನ್ನು ನೆನಪಿಸಿಕೊಳ್ಳಿ. ಒಂದು ಚಪ್ಪಾಳೆಯ ಸದ್ದಿನಲ್ಲಿ ಬಲಗೈಯದು ಎಷ್ಟು, ಎಡಗೈಯದು ಎಷ್ಟು ಅಂತ ಹೇಳಲಾಗುತ್ತದೆಯೇ? ಆ ಪ್ರಶ್ನೆಗೆ ಅರ್ಥವೇ ಇಲ್ಲ. ಆದರೆ ಸಭೆಯಲ್ಲಿ ಸಾವಿರ ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಕೆಲವರದು ಜೋರು, ಕೆಲವರದು ಮೆಲ್ಲಗೆ ಅಂತ ಇಟ್ಟುಕೊಳ್ಳಿ. ಆ ಹೆಚ್ಚು-ಕಡಿಮೆಗೆ ಬಲಗೈಯ ಶಕ್ತಿಯಲ್ಲಿರುವ ವ್ಯತ್ಯಾಸ ಎಷ್ಟು ಕಾರಣ ಅಂತ ಕೇಳಬಹುದು. ಅದಕ್ಕೆ ಉತ್ತರವೂ ಸಿಗಬಹುದು. ಆನುವಂಶೀಯತೆಯ ಅಂಕಿ, ಅಂದರೆ ಹೆರಿಟೆಬಿಲಿಟಿ, ಇಂಥದ್ದು. ಒಂದು ಗುಂಪಿನ ಜನರಲ್ಲಿ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಅವರ ಜೀನ್‌ಗಳ ವ್ಯತ್ಯಾಸದೊಂದಿಗೆ ಸೇರಿ ಬರುತ್ತದೆ ಅಂತ ಅದು ಹೇಳುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕೈಬೆರಳನ್ನೇ ನೋಡಿ. ಐದು ಬೆರಳು ಮೂಡುವುದು ಪೂರ್ತಿ ಜೀನ್‌ಗಳ ಕೆಲಸ. ಆದರೆ ಬೆರಳಿನ ಸಂಖ್ಯೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸ ಹೆಚ್ಚಾಗಿ ಬರುವುದು ಯಂತ್ರಕ್ಕೆ ಸಿಕ್ಕಿ, ಅಪಘಾತದಲ್ಲಿ ಬೆರಳು ಹೋಗುವುದರಿಂದ. ಹಾಗಾಗಿ ಆನುವಂಶೀಯತೆ ಲೆಕ್ಕಹಾಕಿದರೆ ಅಂಕಿ ತೀರಾ ಕಡಿಮೆ ಬರುತ್ತದೆ! ಜೀನ್ ಬೇಕೇ ಬೇಕು ಅನ್ನುವುದೂ, ಆನುವಂಶೀಯತೆ ಹೆಚ್ಚು ಅನ್ನುವುದೂ ಒಂದೇ ಅಲ್ಲ.

ಈ ಅಂಕಿ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಅವಳಿಗಳಿಂದ. ತದ್ರೂಪಿ ಅವಳಿಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಬೇರೆ ಬೇರೆ ಅಂಡದಿಂದ ಹುಟ್ಟಿದ ಅವಳಿಗಳು ಒಡಹುಟ್ಟಿದವರ ಹಾಗೆ: ಜನರಲ್ಲಿ ಬೇರೆ ಬೇರೆಯಾಗಿರುವ ಜೀನ್ ರೂಪಗಳಲ್ಲಿ ಸರಾಸರಿ ಅರ್ಧದಷ್ಟು ಇಬ್ಬರಿಗೂ ಒಂದೇ. 1981ರಲ್ಲಿ ಥಾಮಸ್ ಬುಶಾರ್ಡ್ ಮತ್ತು ಮ್ಯಾಥ್ಯೂ ಮೆಗ್ಯೂ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿದರು. ಒಟ್ಟಿಗೆ ಬೆಳೆದ ತದ್ರೂಪಿ ಅವಳಿಗಳ ಐಕ್ಯೂ ಹೋಲಿಕೆ 0.86 ಬಂತು, ಉಳಿದ ಅವಳಿಗಳದು 0.60. ಹೋಲಿಕೆ 0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ.

ಲೆಕ್ಕವನ್ನು ನೀವೇ ಮಾಡಿ ನೋಡಿ. 0.86ರಲ್ಲಿ 0.60 ಕಳೆಯಿರಿ. 0.26 ಬಂತು. ಅದು ಅರ್ಧ ಜೀನ್ ವ್ಯತ್ಯಾಸಕ್ಕೆ, ಹಾಗಾಗಿ ಎರಡರಿಂದ ಗುಣಿಸಿ. 0.52, ಅಂದರೆ ಶೇ 52. ಈಗ 0.86ರಲ್ಲಿ 0.52 ಕಳೆದರೆ ಉಳಿಯುವ 0.34 ಇಬ್ಬರಿಗೂ ಒಂದೇ ಆಗಿರುವ ಮನೆ-ಬೆಳವಣಿಗೆಯದು. ಇನ್ನುಳಿದ 0.14 ಒಬ್ಬೊಬ್ಬರಿಗೆ ಬೇರೆಯಾಗಿ ಒದಗಿದ್ದು. ಪರೀಕ್ಷೆಯ ತಪ್ಪು-ಒಪ್ಪೂ ಅದರಲ್ಲೇ ಸೇರಿದೆ. ಸುದ್ದಿಯಲ್ಲಿ ಬರುವ ‘ಸುಮಾರು ಶೇ 50’ ಅನ್ನುವುದರ ಬೇರು ಇಂಥ ಲೆಕ್ಕ. ತದ್ರೂಪಿ ಅವಳಿಗಳನ್ನು ಜನ ಉಳಿದ ಅವಳಿಗಳಿಗಿಂತ ಹೆಚ್ಚು ಒಂದೇ ಥರ ನಡೆಸಿಕೊಳ್ಳುವುದಿಲ್ಲ ಅನ್ನುವ ಊಹೆಯ ಮೇಲೆ ಇದು ನಿಂತಿದೆ. ಆ ಊಹೆ ಎಷ್ಟು ಗಟ್ಟಿ ಅಂತ ಇವತ್ತಿಗೂ ಚರ್ಚೆ ಇದೆ.

ಹೆಜ್ಜೆ 3: ಯಾರಲ್ಲಿ, ಯಾವ ವಯಸ್ಸಿನಲ್ಲಿ?

ಅಂಕಿ ಗುಂಪಿನದ್ದಾದ ಮೇಲೆ, ಗುಂಪು ಬದಲಾದರೆ ಅಂಕಿಯೂ ಬದಲಾಗಬೇಕು. ಬದಲಾಗುತ್ತದೆ ಕೂಡ.

ವಯಸ್ಸನ್ನೇ ತೆಗೆದುಕೊಳ್ಳಿ. ನಾಲ್ಕು ದೇಶಗಳ 11,000 ಅವಳಿ ಜೋಡಿಗಳ ಮಾಹಿತಿ ಸೇರಿಸಿ 2010ರಲ್ಲಿ ಒಂದು ಲೆಕ್ಕ ಬಂತು. 9ರ ವಯಸ್ಸಿನಲ್ಲಿ ಆನುವಂಶೀಯತೆ ಶೇ 41. 12ರಲ್ಲಿ ಶೇ 55. 17ರಲ್ಲಿ ಶೇ 66. ಬೆಳೆಯುತ್ತ ಹೋದಂತೆ ಪರಿಸರದ ಪಾಲು ಹೆಚ್ಚಬೇಕಿತ್ತಲ್ಲ ಅಂತ ಅನಿಸುತ್ತದೆ. ನನಗೂ ಮೊದಲು ಇದು ತಲೆಕೆಳಗಾಗಿ ಕಂಡಿತ್ತು.

ಒಂದು ವಿವರಣೆ ಹೀಗಿದೆ. ಚಿಕ್ಕ ಮಗುವಿಗೆ ಪರಿಸರವನ್ನು ದೊಡ್ಡವರು ಕೊಡುತ್ತಾರೆ. ದೊಡ್ಡದಾದಂತೆ ಮಗು ತನ್ನ ಪರಿಸರವನ್ನು ತಾನೇ ಆರಿಸಿಕೊಳ್ಳುತ್ತದೆ. ಓದುವುದು ಕೊಂಚ ಸುಲಭ ಅನಿಸಿದ ಮಗು ಇನ್ನಷ್ಟು ಪುಸ್ತಕ ಹಿಡಿಯುತ್ತದೆ. ಅದರಿಂದ ಓದು ಇನ್ನೂ ಸಲೀಸಾಗುತ್ತದೆ. ಅಂಥದ್ದೇ ಗೆಳೆಯರು ಸಿಗುತ್ತಾರೆ, ಮೇಷ್ಟ್ರು ಇನ್ನೊಂದು ಪುಸ್ತಕ ಕೊಡುತ್ತಾರೆ. ಸಣ್ಣ ವ್ಯತ್ಯಾಸ ಹೀಗೆ ಸುತ್ತಿ ಸುತ್ತಿ ದೊಡ್ಡದಾಗುತ್ತದೆ. 2001ರಲ್ಲಿ ವಿಲಿಯಂ ಡಿಕನ್ಸ್ ಮತ್ತು ಜೇಮ್ಸ್ ಫ್ಲಿನ್ ಇದನ್ನು ಗಣಿತದ ಮಾದರಿಯಾಗಿ ತೋರಿಸಿದರು. ಅಂದರೆ ‘ಜೀನ್‌ಗಳ ಪಾಲು’ ಅಂತ ಬರೆದಿರುವುದರ ಒಳಗೇ ಪುಸ್ತಕ, ಗೆಳೆಯರು, ಮೇಷ್ಟ್ರು ಎಲ್ಲ ಕೂತಿದ್ದಾರೆ.

ಇನ್ನು ಬಡತನ. ಎರಿಕ್ ಟರ್ಕ್‌ಹೈಮರ್ ಮತ್ತು ಜೊತೆಗಾರರು 2003ರಲ್ಲಿ ಅಮೆರಿಕದ 7 ವರ್ಷದ ಅವಳಿಗಳನ್ನು ನೋಡಿದರು. ಅನುಕೂಲಸ್ಥ ಮನೆಗಳಲ್ಲಿ ಜೀನ್‌ಗಳ ಪಾಲು ಹೆಚ್ಚಿತ್ತು. ತೀರಾ ಬಡ ಮನೆಗಳಲ್ಲಿ ಅದು ಸೊನ್ನೆಯ ಹತ್ತಿರ ಇಳಿದಿತ್ತು, ಅಲ್ಲಿ ವ್ಯತ್ಯಾಸದ ಸುಮಾರು ಶೇ 60 ಪಾಲು ಒಡಹುಟ್ಟಿದವರಿಗೆ ಒಂದೇ ಆಗಿರುವ ಮನೆಯ ಸ್ಥಿತಿಯದಾಗಿತ್ತು. ಆದರೆ 2016ರಲ್ಲಿ ಬೇರೆ ಅಧ್ಯಯನಗಳನ್ನೂ ಸೇರಿಸಿ ನೋಡಿದಾಗ, ಈ ಮಾದರಿ ಅಮೆರಿಕದಲ್ಲಿ ಕಂಡಿತು, ಪಶ್ಚಿಮ ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ ಕಾಣಲಿಲ್ಲ. ಅಲ್ಲಿ ಬಡವರಿಗೂ ಶಾಲೆ, ಆಸ್ಪತ್ರೆ ಹೆಚ್ಚು ಸಮನಾಗಿ ಸಿಗುವುದು ಇದಕ್ಕೆ ಕಾರಣ ಇರಬಹುದು ಅನ್ನುತ್ತಾರೆ. ಅಂಕಿ ಓದುವಾಗ ‘ಯಾವ ದೇಶದ, ಯಾವ ಮನೆಗಳ ಮಕ್ಕಳು?’ ಅಂತ ಹುಡುಕಿ. ಅದು ಬರೆದಿಲ್ಲದಿದ್ದರೆ ಆ ಸುದ್ದಿಯನ್ನು ಅಲ್ಲಿಗೇ ಬಿಡಬಹುದು.

ಹೆಜ್ಜೆ 4: ‘ಹುಟ್ಟಿನಿಂದ ಬಂದದ್ದು’ ಮತ್ತು ‘ಬದಲಾಗದ್ದು’ ಬೇರೆ ಬೇರೆ

ಈ ಬರಹದಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಫಿನೈಲ್‌ಕೀಟೋನ್ಯೂರಿಯ ಅಂತ ಒಂದು ಕಾಯಿಲೆ ಇದೆ. ಪೂರ್ತಿ ಜೀನ್‌ನಿಂದ ಬರುವಂಥದ್ದು. ಆಹಾರದ ಪ್ರೊಟೀನ್‌ನಲ್ಲಿರುವ ಫಿನೈಲ್‌ಅಲನೈನ್ ಅನ್ನುವ ಅಂಶವನ್ನು ಆ ಮಗುವಿನ ದೇಹ ಅರಗಿಸಿಕೊಳ್ಳಲಾರದು. ಅದು ರಕ್ತದಲ್ಲಿ ತುಂಬಿ ಮಿದುಳಿಗೆ ತೀವ್ರ ಹಾನಿ ಮಾಡುತ್ತದೆ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲೇ ಇದನ್ನು ಪತ್ತೆಹಚ್ಚುವ ಪರೀಕ್ಷೆ ತಂದರು. ಬೇಗ ಗೊತ್ತಾದರೆ ಆ ಅಂಶ ಕಡಿಮೆ ಇರುವ ಆಹಾರ ಕೊಟ್ಟು ಮಗುವನ್ನು ಬೆಳೆಸುತ್ತಾರೆ. ಅಂಥ ಮಕ್ಕಳು ಉಳಿದವರ ಹಾಗೆಯೇ ಓದಿ, ಕೆಲಸ ಮಾಡಿ ಬದುಕುತ್ತಾರೆ. ಜೀನ್ ಹಾಗೇ ಇದೆ. ಬದಲಾದದ್ದು ಊಟ.

ಕಣ್ಣಿನ ದೋಷವೂ ಹಾಗೆಯೇ. ಸಮೀಪದೃಷ್ಟಿ ಕುಟುಂಬದಲ್ಲಿ ಹರಿದು ಬರುವುದುಂಟು. ಕನ್ನಡಕವೇ ಇಲ್ಲದ ಲೋಕದಲ್ಲಿ ಬೋರ್ಡು ಕಾಣದ ಮಗು ಓದಿನಲ್ಲಿ ಹಿಂದೆ ಬೀಳುತ್ತದೆ. ಅಲ್ಲಿ ಅಧ್ಯಯನ ಮಾಡಿದರೆ ‘ದಡ್ಡತನ ವಂಶದಲ್ಲಿದೆ’ ಅಂತ ಅಂಕಿ ಬರುತ್ತದೆ. ಅಂಕಿಯಲ್ಲಿ ತಪ್ಪಿಲ್ಲ. ಕನ್ನಡಕ ಕೊಟ್ಟ ಮರುದಿನ ಅದು ಕುಸಿಯುತ್ತದೆ.

ದೊಡ್ಡ ಮಟ್ಟದಲ್ಲೂ ಇದಕ್ಕೆ ಸಾಕ್ಷಿ ಇದೆ. ಇದೇ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಲವು ದೇಶಗಳ ಹಳೆಯ ಅಂಕಗಳನ್ನು ಹೊಸದರ ಜೊತೆ ಇಟ್ಟು ನೋಡಿದರು. 10 ವರ್ಷಕ್ಕೆ ಸುಮಾರು 3 ಅಂಕದಂತೆ ಐಕ್ಯೂ ಏರುತ್ತ ಬಂದಿತ್ತು. ಎರಡು-ಮೂರು ತಲೆಮಾರಿನಲ್ಲಿ ಜೀನ್‌ಗಳು ಅಷ್ಟು ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಆರೋಗ್ಯ, ಕೆಲಸ, ಯೋಚಿಸುವ ರೀತಿ. ನಾರ್ವೆಯಲ್ಲಿ 1970ರ ದಶಕದ ಮಧ್ಯದ ನಂತರ ಹುಟ್ಟಿದ ಗಂಡುಮಕ್ಕಳಲ್ಲಿ ಅಂಕ ಇಳಿಯತೊಡಗಿತು. 2018ರ ಅಧ್ಯಯನ ಒಂದೇ ತಂದೆತಾಯಿಯ ಅಣ್ಣತಮ್ಮಂದಿರನ್ನು ಹೋಲಿಸಿದಾಗಲೂ ಏರಿಕೆ, ಇಳಿಕೆ ಎರಡೂ ಹಾಗೇ ಕಂಡವು. ಒಂದೇ ಮನೆಯೊಳಗೇ ಹೀಗಾದರೆ ಅದು ಜೀನ್‌ನಿಂದ ಆದ ಬದಲಾವಣೆ ಆಗಲಾರದು.

ಹೆಜ್ಜೆ 5: ಪರಿಸರದ ಪರ ಬರುವ ಮಾತನ್ನೂ ಅಷ್ಟೇ ಗಟ್ಟಿಯಾಗಿ ಪ್ರಶ್ನಿಸಿ

ಪರಿಸರದ ಕಡೆ ಮನಸ್ಸು ಒಲಿದಿರುವವರು ಇಲ್ಲಿ ಜಾರುತ್ತಾರೆ. ‘ಪುಸ್ತಕ ತುಂಬಿದ ಮನೆಯ ಮಕ್ಕಳ ಅಂಕ ಹೆಚ್ಚು, ಆದ್ದರಿಂದ ಪುಸ್ತಕ ತನ್ನಿ’ ಅನ್ನುವ ಮಾತು ಸೊಗಸಾಗಿದೆ. ಆದರೆ ಪುಸ್ತಕ ತಂದವರು ಯಾರು? ಜೀನ್ ಕೊಟ್ಟವರೇ. ಎರಡೂ ಒಂದೇ ಕೈಯಿಂದ ಬಂದಾಗ ಯಾವುದರ ಫಲ ಯಾವುದು ಅಂತ ಬೇರೆ ಮಾಡಲಾಗದು.

ಇದು ತಿರುಗಾಮುರುಗಾ ಕೂಡ ಆಗುತ್ತದೆ. 2018ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ತಂದೆತಾಯಿಯಿಂದ ಮಗುವಿಗೆ ಬರದೇ ಉಳಿದ ಜೀನ್ ರೂಪಗಳನ್ನು ನೋಡಿದರು. ಅವೂ ಮಗುವಿನ ಓದಿನ ಮಟ್ಟದೊಂದಿಗೆ ಸಂಬಂಧ ತೋರಿಸಿದವು, ದಾಟಿ ಬಂದವುಗಳ ಪರಿಣಾಮದ ಸುಮಾರು ಶೇ 30ರಷ್ಟು. ಮಗುವಿನ ದೇಹದಲ್ಲೇ ಇಲ್ಲದ ಜೀನ್ ಕೆಲಸ ಮಾಡುವುದು ಹೇಗೆ? ತಂದೆತಾಯಿ ಕಟ್ಟಿಕೊಟ್ಟ ಮನೆಯ ಮೂಲಕ.

ಹಾಗಾಗಿ ಎರಡನ್ನೂ ಬಿಡಿಸಿ ತೋರಿಸುವ ಅಧ್ಯಯನ ಹುಡುಕಿ. ದತ್ತು ಹೋದ ಮಕ್ಕಳು, ಕಾನೂನು ಬದಲಾದ ಕಾಲ, ಚೀಟಿ ಎತ್ತಿದ ಹಾಗೆ ಗುಂಪು ಮಾಡಿದ ಪ್ರಯೋಗ, ಇಂಥವು.

ಫ್ರಾನ್ಸಿನ ಮಿಶೆಲ್ ದ್ಯುಯಿಮ್ ಮತ್ತು ಸಂಗಡಿಗರ 1999ರ ವರದಿ ನನ್ನನ್ನು ಬಹಳ ತಟ್ಟಿತು. ಶೈಶವದಲ್ಲಿ ನಿರ್ಲಕ್ಷ್ಯಕ್ಕೆ, ಹಿಂಸೆಗೆ ಸಿಕ್ಕ 65 ಮಕ್ಕಳು. 4ರಿಂದ 6ರ ವಯಸ್ಸಿನಲ್ಲಿ ದತ್ತು ಹೋದರು. ಆಗ ಅವರ ಸರಾಸರಿ ಐಕ್ಯೂ 77. ಹದಿಹರೆಯದಲ್ಲಿ ಮತ್ತೆ ಅಳೆದಾಗ, ಸಾಧಾರಣ ಮನೆ ಸೇರಿದವರು ಸುಮಾರು 8 ಅಂಕ, ಅನುಕೂಲಸ್ಥ ಮನೆ ಸೇರಿದವರು 19ಕ್ಕೂ ಹೆಚ್ಚು ಅಂಕ ಏರಿದ್ದರು. ಆದರೂ ದತ್ತು ಹೋಗುವಾಗ ಯಾರು ಮುಂದಿದ್ದರೋ ಅವರು ಹೆಚ್ಚಾಗಿ ಆಮೇಲೂ ಮುಂದೆಯೇ ಇದ್ದರು. ಸರಾಸರಿ ಏರಿತು, ಸಾಲಿನ ಕ್ರಮ ಬಹುಮಟ್ಟಿಗೆ ಉಳಿಯಿತು.

ನಾರ್ವೆಯಲ್ಲಿ 1955ರಿಂದ 1972ರ ನಡುವೆ ಕಡ್ಡಾಯ ಶಾಲೆಯನ್ನು 7 ವರ್ಷದಿಂದ 9ಕ್ಕೆ ಏರಿಸಿದರು. ಎಲ್ಲ ಕಡೆ ಒಮ್ಮೆಗೇ ಅಲ್ಲ, ಒಂದೊಂದು ಕಡೆ ಒಂದೊಂದು ವರ್ಷ. ಹಾಗಾಗಿ ಹೋಲಿಸಲು ಆಯಿತು. ಒಂದು ವರ್ಷದ ಹೆಚ್ಚಿನ ಶಾಲೆಗೆ, 19ರ ವಯಸ್ಸಿನಲ್ಲಿ 3.7 ಅಂಕ ಹೆಚ್ಚು. 2018ರಲ್ಲಿ 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿದಾಗ ಒಂದು ವರ್ಷದ ಓದಿಗೆ 1ರಿಂದ 5 ಅಂಕ ಅಂತ ಸಿಕ್ಕಿತು. ಬುದ್ಧಿಗೆ ಶಾಲೆಯಷ್ಟು ಗಟ್ಟಿ ಸಾಕ್ಷಿ ಇರುವ ಮದ್ದು ನನಗೆ ಬೇರೆ ಕಂಡಿಲ್ಲ.

ಸೀಸವೂ ಇಲ್ಲೇ ಬರುತ್ತದೆ. 2005ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಮಕ್ಕಳ ರಕ್ತದ ಸೀಸ ಡೆಸಿಲೀಟರಿಗೆ 2.4 ಮೈಕ್ರೋಗ್ರಾಂನಿಂದ 10ಕ್ಕೆ ಏರಿದಾಗ ಐಕ್ಯೂ 3.9 ಅಂಕ ಕಡಿಮೆ ಇತ್ತು. ವಾಹನಗಳಿಗೆ ಸೀಸ ಬೆರೆಸಿದ ಪೆಟ್ರೋಲ್ ಮಾರುವುದು ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಷ್ಟೇ. ಗರ್ಭಿಣಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ.

‘ಮಗುವಿನ ಮಿದುಳು ಚುರುಕು ಮಾಡುತ್ತೇವೆ’ ಅಂತ ಮಾರಾಟಕ್ಕೆ ಬರುವ ಸಂಗೀತ, ಆಟಗಳ ಬಗ್ಗೆ ಎರಡೇ ಮಾತು. ಮೊಜಾರ್ಟ್ ಸಂಗೀತದ ಹೆಸರುವಾಸಿ ಪ್ರಯೋಗ 1993ರಲ್ಲಿ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಪರಿಣಾಮ ಉಳಿದದ್ದು ಕೆಲವೇ ನಿಮಿಷ. ಮಿದುಳಿನ ಆಟ ಆಡಿದವರು ಮುಖ್ಯವಾಗಿ ಆ ಆಟದಲ್ಲೇ ಜಾಣರಾಗುತ್ತಾರೆ.

ಹೆಜ್ಜೆ 6: ‘ಬುದ್ಧಿಯ ಜೀನ್ ಸಿಕ್ಕಿತು’ ಅಂದರೆ ಎಷ್ಟು ಜೀನ್ ಅಂತ ಕೇಳಿ

ಅಂಥ ಒಂದು ಜೀನ್ ಇಲ್ಲ. 2022ರಲ್ಲಿ 30 ಲಕ್ಷ ಜನರ ಡಿಎನ್‌ಎ ನೋಡಿದಾಗ ಓದಿದ ವರ್ಷಗಳ ಜೊತೆ ಸಂಬಂಧವಿರುವ 3,952 ಜಾಗಗಳು ಸಿಕ್ಕವು. ಒಂದೊಂದರ ಪರಿಣಾಮ ಚೂರೇ ಚೂರು. ಎಲ್ಲವನ್ನೂ ಕೂಡಿಸಿ ಅಂಕ ಮಾಡಿದರೂ ಓದಿನ ವ್ಯತ್ಯಾಸದಲ್ಲಿ ಶೇ 12ರಿಂದ 16ರಷ್ಟನ್ನು ಮಾತ್ರ ಅದು ಹಿಡಿಯಿತು. ಒಡಹುಟ್ಟಿದವರನ್ನು ಹೋಲಿಸಿದರೆ ಅದರ ಬಲ ಇನ್ನೂ ಕುಗ್ಗುತ್ತದೆ. ಆ ಮಾಹಿತಿ ಯುರೋಪ್ ಮೂಲದ ಜನರದ್ದು, ಬೇರೆ ಮೂಲದವರಿಗೆ ಹಚ್ಚಿದರೆ ಊಹೆ ಬಹಳ ಕೆಡುತ್ತದೆ. ಎಂಜಲು ಕಳಿಸಿ, ಮಗುವಿನ ಬುದ್ಧಿ ಹೇಳುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಹೆಜ್ಜೆ 7: ಜನಾಂಗ, ವರ್ಗಗಳ ಹೋಲಿಕೆ ಬಂದ ಕೂಡಲೇ ನಿಲ್ಲಿ

ಒಂದು ಗುಂಪಿನ ಒಳಗಿನ ವ್ಯತ್ಯಾಸದ ಅಂಕಿಯನ್ನು ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕೆ ಹಚ್ಚುವಂತಿಲ್ಲ. 1970ರಲ್ಲಿ ರಿಚರ್ಡ್ ಲೆವೊಂಟಿನ್ ಇದನ್ನು ಬೀಜದ ಉದಾಹರಣೆಯಿಂದ ವಿವರಿಸಿದರು. ಒಂದೇ ಚೀಲದಿಂದ ಎರಡು ಹಿಡಿ ಬೀಜ ತೆಗೆಯಿರಿ. ಒಂದು ಹಿಡಿಯನ್ನು ಫಲವತ್ತಾದ ಮಣ್ಣಿಗೆ, ಇನ್ನೊಂದನ್ನು ಬರಡು ಮಣ್ಣಿಗೆ ಹಾಕಿ. ಒಂದೊಂದು ಮಡಿಯ ಒಳಗೆ ಮಣ್ಣು ಒಂದೇ, ಹಾಗಾಗಿ ಅಲ್ಲಿ ಎತ್ತರದ ವ್ಯತ್ಯಾಸವೆಲ್ಲ ಬೀಜದ್ದು. ಆದರೆ ಮಡಿ-ಮಡಿಯ ನಡುವಿನ ವ್ಯತ್ಯಾಸವೆಲ್ಲ ಮಣ್ಣಿನದು.

ಈ ತಪ್ಪಿಗೆ ಮನುಷ್ಯರು ಬೆಲೆ ತೆತ್ತಿದ್ದಾರೆ. ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ‘ಯೂಜೆನಿಕ್ಸ್’ ಅನ್ನುವ ಪದ ಕಟ್ಟಿದ. ‘ಒಳ್ಳೆಯ’ ವಂಶ ಬೆಳೆಸುವುದು, ‘ಕೆಟ್ಟ’ ವಂಶ ತಡೆಯುವುದು ಅದರ ಗುರಿ. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ಯಾರಿ ಬಕ್ ಅನ್ನುವ ಯುವತಿಗೆ ಬಲವಂತವಾಗಿ ಸಂತಾನಶಕ್ತಿ ಹರಣ ಮಾಡಲು ಒಪ್ಪಿಗೆ ಕೊಟ್ಟಿತು. ಅವಳ ತಾಯಿ ಮಂದಬುದ್ಧಿ, ಅವಳು ಮಂದಬುದ್ಧಿ, ಅವಳ ಕೂಸೂ ಮಂದಬುದ್ಧಿ ಅನ್ನುವುದು ವಾದ. ಆ ಕೂಸು ವಿವಿಯನ್ ಶಾಲೆಗೆ ಸೇರಿ, ಒಮ್ಮೆ ಚೆನ್ನಾಗಿ ಓದುವ ಮಕ್ಕಳ ಪಟ್ಟಿಯಲ್ಲಿ ಹೆಸರು ಪಡೆದಳು. 8ನೇ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಅಮೆರಿಕದಲ್ಲಿ ಇಂಥ ಕಾನೂನುಗಳಡಿ 60,000ಕ್ಕೂ ಹೆಚ್ಚು ಜನರಿಗೆ ಹೀಗೆ ಮಾಡಲಾಯಿತು. ಇದನ್ನು ಓದಿದ ಮೇಲೆ ‘ಅವರ ವಂಶವೇ ಅಂಥದ್ದು’ ಅನ್ನುವ ಮಾತನ್ನು ನನ್ನಿಂದ ಸುಮ್ನೆ ಕೇಳಿಸಿಕೊಂಡು ಕೂರಲು ಆಗಿಲ್ಲ.

ಹೆಜ್ಜೆ 8: ಮಗುವಿನ ಐಕ್ಯೂ ವರದಿ ಕೈಗೆ ಬಂದರೆ

ಒಂದೇ ಅಂಕಿಯನ್ನು ನೋಡಬೇಡಿ. ಅದರ ಅಕ್ಕಪಕ್ಕ ಒಂದು ವ್ಯಾಪ್ತಿ ಕೊಟ್ಟಿರುತ್ತಾರೆ. 98 ಅಂದರೆ 93 ಇರಬಹುದು, 103 ಇರಬಹುದು. ಅಣ್ಣನಿಗೆ 102, ತಂಗಿಗೆ 98 ಬಂದರೆ ಅದನ್ನು ವ್ಯತ್ಯಾಸ ಅಂತ ಎಣಿಸಬೇಡಿ. ಒಟ್ಟು ಅಂಕಕ್ಕಿಂತ ಒಳಗಿನ ಭಾಗಗಳ ಅಂಕ ಜಾಸ್ತಿ ಹೇಳುತ್ತವೆ. ಮಾತಿನಲ್ಲಿ ಮುಂದಿದ್ದು ವೇಗದಲ್ಲಿ ಹಿಂದಿರುವ ಮಗುವಿಗೆ ಬೇಕಾದ ಸಹಾಯವೇ ಬೇರೆ.

ಪರೀಕ್ಷೆಗೆ ಮೊದಲು ಕಣ್ಣು, ಕಿವಿ ತೋರಿಸಿದ್ದೀರಾ? ಮನೆಯಲ್ಲಿ ಆಡುವ ಭಾಷೆಯಲ್ಲೇ ಪರೀಕ್ಷೆ ನಡೆಯಿತೇ? ಮಗು ಹಿಂದಿನ ರಾತ್ರಿ ನಿದ್ದೆ ಮಾಡಿತ್ತೇ, ಜ್ವರ ಇತ್ತೇ, ಅಪರಿಚಿತರ ಎದುರು ಹೆದರಿತ್ತೇ? ಪರೀಕ್ಷೆ ಮಾಡಿದವರಿಗೆ ಇದನ್ನೆಲ್ಲ ಹೇಳಿ. ಮತ್ತೆ ಮಾಡಿಸುವುದಾದರೆ ಕೆಲವು ವಾರದಲ್ಲೇ ಬೇಡ, ಪ್ರಶ್ನೆಗಳ ನೆನಪಿನಿಂದಲೇ ಅಂಕ ಏರುತ್ತದೆ. ಎಷ್ಟು ಕಾಲ ಬಿಡಬೇಕು ಅಂತ ಅವರನ್ನೇ ಕೇಳಿ.

ಕೊನೆಗೆ, ಬಿನೆ ಪರೀಕ್ಷೆ ಕಟ್ಟಿದ್ದು ಯಾಕೆ ಅಂತ ನೆನಪಿಟ್ಟು, ವರದಿ ಕೊಟ್ಟವರನ್ನು ಹೀಗೆ ಕೇಳಿ: ‘ಇದರ ಮೇಲೆ ಮಗುವಿಗೆ ಈಗ ಯಾವ ಸಹಾಯ ಶುರು ಮಾಡಬೇಕು? ಅದು ಫಲ ಕೊಟ್ಟಿತೋ ಇಲ್ಲವೋ ಅಂತ ಯಾವಾಗ, ಹೇಗೆ ನೋಡುತ್ತೀರಿ?’ ಉತ್ತರವನ್ನು ವರದಿಯ ಮೇಲೇ, ತಾರೀಕು ಹಾಕಿ ಬರೆಸಿಕೊಳ್ಳಿ.